ನಮ್ಮ ಶಾಲೆಯ ಜಾಲತಾಣಕ್ಕೂ ಒಂದು ಹಾಜರಿ ಪುಸ್ತಕ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಶಾಲೆಗೆ ಐವತ್ತು ವರ್ಷ ತುಂಬಿದ ನೆನಪಿಗೆ ಒಂದು ಜಾಲತಾಣ ಮಾಡಬೇಕು ಎಂದು ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಮಾತಾಡಿಕೊಂಡಿದ್ದಾರೆ. "ನೀನು ಬೆಂಗಳೂರಿನಲ್ಲಿ ಅದೇ ಕೆಲಸ ಮಾಡುತ್ತೀಯಲ್ಲ, ಅದನ್ನು ಯಾರು ನೋಡುತ್ತಾರೆ, ಎಷ್ಟು ಜನ ನೋಡುತ್ತಾರೆ ಅಂತ ತಿಳಿಯುವುದು ಹೇಗೆ, ಅದನ್ನು ಹೇಳು" ಎಂದು ನನಗೆ ಅಪ್ಪಣೆಯಾಯಿತು. ವಿಷಯ ಸ್ವಲ್ಪ ಒಣ ವಿಷಯ. ಆದರೆ ಇದರಲ್ಲಿ ನಾನೊಂದು ತಪ್ಪು ಮಾಡಿ ಪಾಠ ಕಲಿತಿದ್ದೇನೆ. ಆ ಪಾಠವನ್ನು ನನ್ನ ಶಾಲೆಯಲ್ಲಿ ನಿಂತು ಹೇಳುವ ಅವಕಾಶ ಸಿಕ್ಕಿದ್ದಕ್ಕೆ ಒಪ್ಪಿಕೊಂಡೆ.

ಮೊದಲು ಹಾಜರಿ ಪುಸ್ತಕದ ಮಾತು. ನಮ್ಮ ಕಾಲದಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಮೇಷ್ಟ್ರು ಹಾಜರಿ ಕೂಗುತ್ತಿದ್ದರು. "ಹಾಜರ್ ಸಾರ್" ಎಂದು ನಾವು ಒಬ್ಬೊಬ್ಬರಾಗಿ ಹೇಳುತ್ತಿದ್ದೆವು. ಕೊನೆಯಲ್ಲಿ ಒಟ್ಟು ಸಂಖ್ಯೆಯನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆಯುತ್ತಿದ್ದರು. ಆದರೆ ಪುಸ್ತಕ ಮುಚ್ಚುವ ಮೊದಲು ಮೇಷ್ಟ್ರ ಬೆರಳು ಒಟ್ಟು ಸಂಖ್ಯೆಯ ಮೇಲೆ ನಿಲ್ಲುತ್ತಿರಲಿಲ್ಲ, 'ಗೈ' ಎಂದು ಬರೆದ ಮನೆಗಳ ಮೇಲೆ ನಿಲ್ಲುತ್ತಿತ್ತು. ಮೂರು ದಿನ ಒಬ್ಬ ಹುಡುಗಿ ಬರಲಿಲ್ಲ ಎಂದರೆ, ಅದೇ ಊರಿನಿಂದ ಬರುವ ಇನ್ನೊಬ್ಬ ಹುಡುಗಿಯನ್ನು ಎಬ್ಬಿಸಿ, "ಅವರ ಮನೆಗೆ ಹೋಗಿ ಏನಾಯಿತು ಅಂತ ಕೇಳಿಕೊಂಡು ಬಾ" ಎನ್ನುತ್ತಿದ್ದರು. ಹಾಜರಿ ಪುಸ್ತಕ ಇದ್ದದ್ದು ಬಂದವರನ್ನು ಎಣಿಸಿ ಸಂತೋಷಪಡಲಿಕ್ಕೆ ಮಾತ್ರವಲ್ಲ, ಬಾರದವರನ್ನು ಹುಡುಕಲಿಕ್ಕೆ. ಈ ಒಂದು ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ. ಇವತ್ತು ನಾನು ಹೇಳುವುದೆಲ್ಲ ಇದೇ ಮಾತಿನ ವಿಸ್ತಾರ.

ಎಣಿಸುವುದು ನಮ್ಮೂರಿಗೆ ಹೊಸದಲ್ಲ. ನಂಗಲಿ ಗಡಿಯ ಊರು. ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡು, ಕೊಂಗು ಇವುಗಳ ಜೊತೆಯಲ್ಲಿ ನಂಗಲಿಯ ಹೆಸರೂ ಸೇರಿದೆ. ನಮ್ಮ ತಾಲ್ಲೂಕು ಕೇಂದ್ರಕ್ಕೆ ಮೂಡಲ ಬಾಗಿಲು ಎಂಬುದರಿಂದಲೇ ಮುಳಬಾಗಿಲು ಎಂದು ಹೆಸರಾಯಿತು. ಬಾಗಿಲು ಇದ್ದ ಕಡೆ ಬಂದು ಹೋಗುವವರ ಲೆಕ್ಕ ಇದ್ದೇ ಇರುತ್ತದೆ. ಬೆಂಗಳೂರಿನಿಂದ ಕೋಲಾರ, ಮುಳಬಾಗಿಲು ದಾಟಿ ಪಲಮನೇರು, ಚಿತ್ತೂರಿನ ಕಡೆಗೆ ಹೋಗುವ ಹೆದ್ದಾರಿ ನಮ್ಮ ಊರಿನ ಮೇಲೆಯೇ ಹೋಗುತ್ತದೆ. ಚೆಕ್‌ಪೋಸ್ಟ್ ನೋಡುತ್ತಾ ಬೆಳೆದವರು ನಾವು. ಅಲ್ಲಿ "ಇವತ್ತು ಇಷ್ಟು ಲಾರಿ ಹೋಯಿತು" ಎಂದು ಎಣಿಸಿ ಸುಮ್ಮನಾದರೆ ಸಾಲದು. ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ, ಏನು ಹೊತ್ತಿದೆ ಎಂದು ಕೇಳಬೇಕು. ಜಾಲತಾಣದ ಲೆಕ್ಕವೂ ಹೀಗೆಯೇ. ಎಲ್ಲಿಂದ ಬಂದರು, ಯಾವ ಪುಟಕ್ಕೆ ಬಂದರು, ಬಂದ ಕೆಲಸ ಆಯಿತೋ ಇಲ್ಲವೋ.

ಈಗ ನನ್ನ ತಪ್ಪಿನ ಕಥೆ.

ಕೆಲವು ವರ್ಷಗಳ ಹಿಂದೆ, ಬಡ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವ ಒಂದು ಸಂಸ್ಥೆಯ ಜಾಲತಾಣವನ್ನು ನಾನು ನೋಡಿಕೊಳ್ಳುತ್ತಿದ್ದೆ. ಸಂಸ್ಥೆಯ ಹೆಸರು ಬೇಡ, ತಪ್ಪು ನನ್ನದು. ಮುಖಪುಟದ ಕೆಳಗೆ ಒಂದು ಎಣಿಕೆಯ ಪಟ್ಟಿ ಹಾಕಿದ್ದೆ. ಸರ್ಕಾರಿ ಜಾಲತಾಣಗಳ ಕೆಳಗೆ 'ಒಟ್ಟು ವೀಕ್ಷಕರು' ಎಂದು ಸಂಖ್ಯೆ ಇರುತ್ತದಲ್ಲ, ಅಂಥದ್ದು. ಅದರ ಜೊತೆಗೆ ಗೂಗಲ್ ಅನಾಲಿಟಿಕ್ಸ್ ಅನ್ನೂ ಜೋಡಿಸಿದ್ದೆ. ಜೋಡಿಸಿ ಮರೆತಿದ್ದೆ. ವಾರ್ಷಿಕ ಸಭೆಯಲ್ಲಿ ಎದ್ದು ನಿಂತು ಎಣಿಕೆಯ ಪಟ್ಟಿಯ ದೊಡ್ಡ ಸಂಖ್ಯೆಯನ್ನು ಓದಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆಗ ಒಬ್ಬ ಹಿರಿಯರು ಮೆಲ್ಲಗೆ ಕೇಳಿದರು: "ಇಷ್ಟು ಜನ ನೋಡಿದ್ದಾರೆ, ಅರ್ಜಿ ಯಾಕಪ್ಪ ಇಷ್ಟು ಕಡಿಮೆ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದೇ ವಾರ ಒಬ್ಬ ತಾಯಿ ಫೋನ್ ಮಾಡಿದರು. "ಸಾರ್, ನಮ್ಮ ಹುಡುಗಿಗೆ ಫಾರಂ ತುಂಬೋಣ ಅಂತ ಎಷ್ಟು ಸಲ ಒತ್ತಿದರೂ ಫೋನಿನಲ್ಲಿ ಓಪನ್ನೇ ಆಗಲಿಲ್ಲ. ಒಂದು ಸಲ ಓಪನ್ ಆಯಿತು, ಅಕ್ಷರ ಎಲ್ಲ ಏನೇನೋ ಬಂತು. ಈಗಲಾದರೂ ಕೊಡಬಹುದಾ?" ಕೊನೆಯ ದಿನಾಂಕ ಮುಗಿದು ಹೋಗಿತ್ತು. "ಈ ವರ್ಷಕ್ಕೆ ಆಗುವುದಿಲ್ಲಮ್ಮ" ಎಂದು ಹೇಳಬೇಕಾಯಿತು. ಆಕೆ ಜಗಳ ಮಾಡಲಿಲ್ಲ. "ಆಗಲಿ ಸಾರ್" ಎಂದು ಫೋನ್ ಇಟ್ಟರು. ಜಗಳ ಮಾಡಿದ್ದರೆ ಚೆನ್ನಾಗಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆ ರಾತ್ರಿ ಕೂತು ಅನಾಲಿಟಿಕ್ಸ್ ವರದಿಯನ್ನು ಮೊದಲ ಸಲ ಸರಿಯಾಗಿ ತೆರೆದು ನೋಡಿದೆ. ಎಲ್ಲವೂ ಅಲ್ಲೇ ಇತ್ತು. ಅರ್ಜಿಯ ಪುಟಕ್ಕೆ ಬಂದವರಲ್ಲಿ ಹೆಚ್ಚಿನವರು ಮೊಬೈಲ್ ಫೋನಿನಿಂದ ಬಂದವರು. ಬಂದವರು ಕೆಲವೇ ಸೆಕೆಂಡಿಗೆ ವಾಪಸು ಹೋಗಿದ್ದರು. 'ನಿಮ್ಮ ಅರ್ಜಿ ತಲುಪಿದೆ' ಎಂಬ ಕೊನೆಯ ಪುಟದ ತನಕ ಹೋದವರು ತೀರ ಕಡಿಮೆ, ಅವರಲ್ಲೂ ಬಹಳ ಮಂದಿ ಕಂಪ್ಯೂಟರಿನಿಂದ ಬಂದವರು. ನಾನು ಫಾರಂ ಅನ್ನು ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದೆ. ಒಂದು ಭಾಗವನ್ನು ಸ್ಕ್ಯಾನ್ ಮಾಡಿ ದೊಡ್ಡ ಕಡತವಾಗಿ ಹಾಕಿದ್ದೆ. ನನ್ನ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು, ಆ ತಾಯಿಯ ಫೋನಿನಲ್ಲಿ ಕಾಣಲಿಲ್ಲ. ವರದಿ ತಿಂಗಳುಗಟ್ಟಲೆ 'ಇಲ್ಲಿ ಜನ ಬಂದು ಬಂದು ಹಿಂದೆ ಹೋಗುತ್ತಿದ್ದಾರೆ' ಎಂದು ಹೇಳುತ್ತಲೇ ಇತ್ತು. ಕೇಳುವವರು ಇರಲಿಲ್ಲ. ನಾನು ಒಟ್ಟು ಸಂಖ್ಯೆಯನ್ನು ಹಲಗೆಯ ಮೇಲೆ ಬರೆದು, 'ಗೈ' ಬರೆದ ಮನೆಗಳನ್ನು ನೋಡದೆ ಪುಸ್ತಕ ಮುಚ್ಚಿದ್ದೆ.

ಮುಂದಿನ ವರ್ಷ ಫಾರಂ ಅನ್ನು ಯೂನಿಕೋಡ್ ಕನ್ನಡದಲ್ಲಿ, ಫೋನಿನಲ್ಲೇ ತುಂಬುವ ಹಾಗೆ ಮಾಡಿದೆವು. ಒಟ್ಟು ವೀಕ್ಷಕರ ಸಂಖ್ಯೆಯಲ್ಲಿ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ, ಅರ್ಜಿಗಳು ಹೆಚ್ಚಾದವು. ಆ ಹುಡುಗಿಗೆ ಮಾತ್ರ ಒಂದು ವರ್ಷ ಹೋಯಿತು.

ಆದ್ದರಿಂದ ನಮ್ಮ ಶಾಲೆಯ ಜಾಲತಾಣದಲ್ಲಿ ಮೊದಲ ದಿನದಿಂದಲೇ ಇದನ್ನು ಸರಿಯಾಗಿ ಮಾಡೋಣ. ಹೇಗೆ ಎಂದು ಹೇಳುತ್ತೇನೆ.

ಸಿಎಂಎಸ್ ಎಂದರೆ ವಿಷಯ ನಿರ್ವಹಣಾ ವ್ಯವಸ್ಥೆ. ಹೆಸರು ದೊಡ್ಡದು, ವಿಷಯ ಸಣ್ಣದು. ಕಂಪ್ಯೂಟರ್ ಭಾಷೆ ಗೊತ್ತಿಲ್ಲದ ಮೇಷ್ಟ್ರೂ ಪಾಸ್‌ವರ್ಡ್ ಹಾಕಿ ಒಳಗೆ ಹೋಗಿ, ಒಂದು ಸೂಚನೆ ಬರೆದು, ಚಿತ್ರ ಸೇರಿಸಿ, 'ಪ್ರಕಟಿಸು' ಎಂದು ಒತ್ತುವ ಹಾಗೆ ಮಾಡಿಕೊಟ್ಟಿರುವ ತಂತ್ರಾಂಶ. 2003ರಲ್ಲಿ ಶುರುವಾದ ವರ್ಡ್‌ಪ್ರೆಸ್ ಇವುಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವುದು. ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ, ಜಾಲತಾಣದ ಹೆಸರಿಗೆ ಮತ್ತು ಅದನ್ನು ಇಡುವ ಜಾಗಕ್ಕೆ ಮಾತ್ರ ವರ್ಷವರ್ಷ ಕೊಡಬೇಕು. ಇದಕ್ಕೆ ಬೇಕಾದ ಹೆಚ್ಚುವರಿ ಸಲಕರಣೆಗಳನ್ನು ಪ್ಲಗಿನ್ ಎನ್ನುತ್ತಾರೆ. ಪಂಪ್‌ಸೆಟ್ಟಿಗೆ ಮೀಟರ್ ಕೂರಿಸಿದ ಹಾಗೆ, ವರ್ಡ್‌ಪ್ರೆಸ್ಸಿಗೆ ಲೆಕ್ಕದ ಪ್ಲಗಿನ್ ಕೂರಿಸಬಹುದು.

ಮೊದಲನೆಯ ಕೆಲಸ, ಖಾತೆ ತೆರೆಯುವುದು. ಗೂಗಲ್ ಅನಾಲಿಟಿಕ್ಸ್ ಬಳಸುವುದಾದರೆ ಅದಕ್ಕೆ ಒಂದು ಗೂಗಲ್ ಖಾತೆ ಬೇಕು. ಇಲ್ಲಿ ಎಲ್ಲರೂ ಮಾಡುವ ತಪ್ಪು ಎಂದರೆ, ಯಾರೋ ಒಬ್ಬ ಉತ್ಸಾಹಿ ಹುಡುಗನ ಸ್ವಂತ ಖಾತೆಯಲ್ಲಿ ಮಾಡಿಬಿಡುವುದು. ಅವನು ಕೆಲಸಕ್ಕೆ ಹೊರಟು ಹೋದ, ಫೋನ್ ನಂಬರ್ ಬದಲಾಯಿಸಿದ ಎಂದರೆ ಲೆಕ್ಕವೂ ಅವನ ಜೊತೆಯೇ ಹೋಯಿತು. ಶಾಲೆಯ ಹೆಸರಿನಲ್ಲೇ ಖಾತೆ ಇರಲಿ. ಒಬ್ಬರು ಶಿಕ್ಷಕರು, ಒಬ್ಬರು ಹಳೆಯ ವಿದ್ಯಾರ್ಥಿ, ಹೀಗೆ ಇಬ್ಬರಿಗೆ ಆಡಳಿತದ ಅಧಿಕಾರ ಇರಲಿ. ಬೀರುವಿನ ಬೀಗದ ಕೈ ಇಬ್ಬರ ಹತ್ತಿರ ಇಡುವ ಹಾಗೆ.

ಎರಡನೆಯದು, ಆ ಖಾತೆಯಲ್ಲಿ ನಮ್ಮ ಜಾಲತಾಣಕ್ಕೆ ಒಂದು ವಿಭಾಗ ತೆರೆಯುವುದು. ಅಲ್ಲಿ ಸಮಯವನ್ನು ಕೇಳುತ್ತದೆ, ಭಾರತದ ಸಮಯವನ್ನೇ ಆರಿಸಬೇಕು. ಆರಿಸದಿದ್ದರೆ ನಮ್ಮೂರಿನಲ್ಲಿ ಬೆಳಿಗ್ಗೆ ನೋಡಿದ್ದು ಹಿಂದಿನ ದಿನದ ಲೆಕ್ಕಕ್ಕೆ ಹೋಗಿಬಿಡಬಹುದು. ಜಾಲತಾಣದ ವಿಳಾಸ ಕೊಟ್ಟರೆ 'ಜಿ' ಅಕ್ಷರದಿಂದ ಶುರುವಾಗುವ ಒಂದು ಗುರುತಿನ ಸಂಖ್ಯೆ ಕೊಡುತ್ತದೆ. ಅದೇ ನಮ್ಮ ಮೀಟರಿನ ನಂಬರ್.

ಮೂರನೆಯದು, ಮೀಟರ್ ಕೂರಿಸುವುದು. ವರ್ಡ್‌ಪ್ರೆಸ್ಸಿನ ಒಳಗೆ ಪ್ಲಗಿನ್‌ಗಳ ಪಟ್ಟಿಗೆ ಹೋಗಿ, ಗೂಗಲ್ಲಿನವರೇ ಮಾಡಿರುವ 'ಸೈಟ್ ಕಿಟ್' ಎಂಬುದನ್ನು ಹುಡುಕಿ ಸ್ಥಾಪಿಸಿ, ಶಾಲೆಯ ಖಾತೆಯಿಂದ ಒಪ್ಪಿಗೆ ಕೊಟ್ಟರೆ ಆಯಿತು. ಆಮೇಲೆ ವರದಿಯ ಮುಖ್ಯ ಭಾಗ ವರ್ಡ್‌ಪ್ರೆಸ್ಸಿನ ಒಳಗೇ ಕಾಣುತ್ತದೆ. ಬೇರೆ ಕಡೆಗೆ ಹೋಗಿ ಹುಡುಕುವ ಕಷ್ಟವಿಲ್ಲ.

ನಾಲ್ಕನೆಯದು, ನಮ್ಮನ್ನು ನಾವೇ ಎಣಿಸಿಕೊಳ್ಳದಿರುವುದು. ಜಾಲತಾಣಕ್ಕೆ ಬರೆಯುವವರು ದಿನಕ್ಕೆ ಇಪ್ಪತ್ತು ಸಲ ಅದನ್ನೇ ತೆರೆದು ನೋಡುತ್ತಾರೆ. ಅದೆಲ್ಲ ಸೇರಿದರೆ ಮದುವೆ ಮನೆಯಲ್ಲಿ ಅಡುಗೆಯವರನ್ನೂ ನೆಂಟರೆಂದು ಎಣಿಸಿದ ಹಾಗೆ. ಲಾಗಿನ್ ಆಗಿರುವವರನ್ನು ಲೆಕ್ಕದಿಂದ ಬಿಡಲು ಸೆಟ್ಟಿಂಗ್ ಇದೆ, ಅದು ಆನ್ ಆಗಿದೆಯೇ ಎಂದು ನೋಡಿಕೊಳ್ಳಬೇಕು.

ಐದನೆಯದು, ಪರೀಕ್ಷೆ. ಲಾಗಿನ್ ಆಗದ ಒಂದು ಫೋನಿನಿಂದ ಜಾಲತಾಣ ತೆರೆಯಿರಿ. ವರದಿಯಲ್ಲಿ 'ರಿಯಲ್ ಟೈಮ್' ಎಂಬ ಪುಟ ಇದೆ, ಹಿಂದಿನ ಮೂವತ್ತು ನಿಮಿಷದಲ್ಲಿ ಬಂದವರನ್ನು ತೋರಿಸುತ್ತದೆ. ಅಲ್ಲಿ ಒಬ್ಬರು ಕಂಡರೆ ಮೀಟರ್ ಓಡುತ್ತಿದೆ ಎಂದು ಅರ್ಥ. ಉಳಿದ ವರದಿಗಳಲ್ಲಿ ಲೆಕ್ಕ ಪೂರ್ತಿಯಾಗಿ ಬರಲು ಒಂದೆರಡು ದಿನ ಹಿಡಿಯುತ್ತದೆ. ಇವತ್ತು ಕೂರಿಸಿ, ಸಂಜೆಗೆ ಏನೂ ಕಾಣಲಿಲ್ಲ ಎಂದು ಕಿತ್ತುಹಾಕಬೇಡಿ.

ಇನ್ನು ಓದುವುದು ಹೇಗೆ. ವರದಿಯಲ್ಲಿ ಮೂರು ಮಾತು ಪದೇ ಪದೇ ಬರುತ್ತವೆ. 'ಬಳಕೆದಾರರು', 'ಭೇಟಿಗಳು', 'ವೀಕ್ಷಣೆಗಳು'. ಟೊಮೆಟೊ ಮಂಡಿಯ ಉದಾಹರಣೆ ತೆಗೆದುಕೊಳ್ಳೋಣ. ವಡ್ಡಹಳ್ಳಿ ಮಂಡಿಗೆ ಒಬ್ಬ ರೈತ ಒಂದು ವಾರದಲ್ಲಿ ಮೂರು ಸಲ ಬಂದು, ಪ್ರತಿ ಸಲ ಹತ್ತು ಬಾಕ್ಸ್ ಇಳಿಸಿದ ಎಂದುಕೊಳ್ಳಿ. ಬಳಕೆದಾರ ಒಬ್ಬ, ಭೇಟಿ ಮೂರು, ವೀಕ್ಷಣೆ ಮೂವತ್ತು. ಮೂವತ್ತು ಬಾಕ್ಸ್ ನೋಡಿ ಮೂವತ್ತು ಜನ ರೈತರು ಬಂದರು ಎಂದರೆ ಮಂಡಿಯಲ್ಲಿ ನಗುತ್ತಾರೆ. ಜಾಲತಾಣದ ಲೆಕ್ಕದಲ್ಲಿ ಮಾತ್ರ ಯಾರೂ ನಗುವುದಿಲ್ಲ, ಚಪ್ಪಾಳೆ ತಟ್ಟುತ್ತಾರೆ.

ಹಿಂದೆ 'ಹಿಟ್ಸ್' ಎಂದು ಇನ್ನೂ ದೊಡ್ಡ ಲೆಕ್ಕ ಇತ್ತು. ಒಂದು ಪುಟದಲ್ಲಿ ಹದಿನೈದು ಚಿತ್ರ ಇದ್ದರೆ, ಒಬ್ಬ ಮನುಷ್ಯ ಒಂದು ಸಲ ನೋಡಿದರೂ ಪುಟಕ್ಕೆ ಒಂದು, ಚಿತ್ರಗಳಿಗೆ ಹದಿನೈದು, ಒಟ್ಟು ಹದಿನಾರು ಹಿಟ್ಸ್. ಇದಲ್ಲದೆ ಗೂಗಲ್ ಮುಂತಾದ ಹುಡುಕುತಾಣಗಳ ಯಂತ್ರಗಳು ದಿನವಿಡೀ ಜಾಲತಾಣಗಳನ್ನು ಸುತ್ತುತ್ತಿರುತ್ತವೆ. ಇವುಗಳಿಗೆ ಬಾಟ್ ಎನ್ನುತ್ತಾರೆ. ಹಳೆಯ ಎಣಿಕೆಯ ಪಟ್ಟಿಗಳಲ್ಲಿ ಇವೂ ಜನರ ಲೆಕ್ಕಕ್ಕೆ ಸೇರಿಬಿಡುತ್ತಿದ್ದವು. ಗೊತ್ತಿರುವ ಬಾಟ್‌ಗಳನ್ನು ಈಗಿನ ಅನಾಲಿಟಿಕ್ಸ್ ತಾನೇ ಬಿಟ್ಟುಬಿಡುತ್ತದೆ. ಗೊತ್ತಿಲ್ಲದವು ಆಗಾಗ ನುಸುಳುತ್ತವೆ. ಒಂದೇ ರಾತ್ರಿಯಲ್ಲಿ, ನಮಗೆ ಸಂಬಂಧವೇ ಇಲ್ಲದ ದೇಶದ ಒಂದು ಊರಿನಿಂದ ನೂರಾರು ಜನ ನಂಗಲಿ ಶಾಲೆಯ ಪುಟ ನೋಡಿದರು ಎಂದು ಕಂಡರೆ ಹಿಗ್ಗಬೇಡಿ.

ನಮ್ಮಂಥ ಊರುಗಳಲ್ಲಿ ಇನ್ನೊಂದು ವಿಶೇಷ ಇದೆ. ಲೆಕ್ಕ ಹಿಡಿಯುವುದು ಫೋನನ್ನು, ಮನುಷ್ಯನನ್ನು ಅಲ್ಲ. ಬೆಂಗಳೂರಿನ ಒಬ್ಬ ಹಳೆಯ ವಿದ್ಯಾರ್ಥಿ ಕಚೇರಿಯ ಕಂಪ್ಯೂಟರ್, ಮನೆಯ ಕಂಪ್ಯೂಟರ್, ಫೋನ್ ಮೂರರಲ್ಲೂ ನೋಡಿದರೆ ಮೂರು ಜನ ಎಂದು ಬರಬಹುದು. ನಮ್ಮ ಹಳ್ಳಿಯಲ್ಲಿ ಅಪ್ಪ, ಅಮ್ಮ, ಇಬ್ಬರು ಮಕ್ಕಳು ಒಂದೇ ಫೋನಿನಲ್ಲಿ ನೋಡಿದರೆ ಒಬ್ಬರೇ ಎಂದು ಬರುತ್ತದೆ. ಅಂದರೆ ಈ ಲೆಕ್ಕದಲ್ಲಿ ಪಟ್ಟಣ ದೊಡ್ಡದಾಗಿ, ಹಳ್ಳಿ ಚಿಕ್ಕದಾಗಿ ಕಾಣುತ್ತದೆ. ಊರಿನ ಹೆಸರಿನ ವಿಷಯವೂ ಹಾಗೆಯೇ. ಮೊಬೈಲ್ ಕಂಪನಿಯ ಸಂಪರ್ಕ ಯಾವ ನಗರದ ಮೂಲಕ ಹೋಗುತ್ತದೋ ಆ ನಗರದ ಹೆಸರು ಬೀಳುವುದುಂಟು. ನಂಗಲಿಯಲ್ಲಿ ಕೂತು ನೋಡಿದವರು ಬೆಂಗಳೂರಿನವರೆಂದು ಕಾಣಬಹುದು. ಆದ್ದರಿಂದ 'ನಮ್ಮೂರಿನವರು ಯಾರೂ ನೋಡುವುದಿಲ್ಲ, ಊರಿನವರಿಗೆ ಬೇಕಾದದ್ದನ್ನು ಹಾಕುವುದು ದಂಡ' ಎಂದು ವರದಿ ತೋರಿಸಿ ಯಾರಾದರೂ ಹೇಳಿದರೆ ನಂಬಬೇಡಿ.

ಹಾಗಾದರೆ ನೋಡಬೇಕಾದದ್ದು ಏನು? ನಾನು ಮೂರು ಪ್ರಶ್ನೆ ಸಾಕು ಎನ್ನುತ್ತೇನೆ.

ಒಂದು, ಜನ ಏನು ಹುಡುಕಿಕೊಂಡು ಬಂದರು? ಇದಕ್ಕೆ 'ಸರ್ಚ್ ಕನ್ಸೋಲ್' ಎಂಬ ಇನ್ನೊಂದು ಸೌಲಭ್ಯ ಇದೆ, ಅದೂ ಗೂಗಲ್ಲಿನದೇ, ಸೈಟ್ ಕಿಟ್ ಅದನ್ನೂ ಜೋಡಿಸಿಕೊಡುತ್ತದೆ. ಗೂಗಲ್ಲಿನಲ್ಲಿ ಯಾವ ಪದ ಹಾಕಿದಾಗ ನಮ್ಮ ಪುಟ ಕಾಣಿಸಿತು, ಎಷ್ಟು ಸಲ ಕಾಣಿಸಿತು, ಎಷ್ಟು ಸಲ ಒತ್ತಿದರು ಎಂದು ಅದು ತೋರಿಸುತ್ತದೆ. ಶಾಲೆಯ ಹೆಸರಿನ ಜೊತೆ 'ಟಿ.ಸಿ.' ಎಂದೋ, 'ಎಂಟನೇ ತರಗತಿ ಪ್ರವೇಶ' ಎಂದೋ, 'ಅಂಕಪಟ್ಟಿ ಹೆಸರು ತಿದ್ದುಪಡಿ' ಎಂದೋ ಜನ ಹುಡುಕುತ್ತಿದ್ದು, ನಮ್ಮಲ್ಲಿ ಆ ವಿಷಯದ ಪುಟವೇ ಇಲ್ಲ ಎಂದಾದರೆ, ಮುಂದಿನ ತಿಂಗಳು ಬರೆಯಬೇಕಾದ ಪುಟ ಯಾವುದೆಂದು ಗೊತ್ತಾಯಿತಲ್ಲ. ನಾವು ಮೊದಲ ಪುಟದಲ್ಲಿ ಸನ್ಮಾನದ ಫೋಟೊ ಹಾಕಿರುತ್ತೇವೆ. ದೂರದಲ್ಲಿರುವ ಹಳೆಯ ವಿದ್ಯಾರ್ಥಿನಿ ಅಂಕಪಟ್ಟಿ ಕಳೆದುಕೊಂಡು, ಶಾಲೆಗೆ ಯಾವ ಕಾಗದ ತರಬೇಕು ಎಂದು ಹುಡುಕುತ್ತಿರುತ್ತಾಳೆ.

ಇಲ್ಲಿ ಕನ್ನಡದ ಒಂದು ಮಾತು ಹೇಳಲೇಬೇಕು. ನಮ್ಮ ಭಾಗದಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಫೋನಿನಲ್ಲಿ ಇಂಗ್ಲಿಷ್ ಅಕ್ಷರ. ಜನ ಕನ್ನಡ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಹುಡುಕುತ್ತಾರೆ, ಈಗ ಮಾತಾಡಿಯೂ ಹುಡುಕುತ್ತಾರೆ. ನಮ್ಮ ಪುಟ ಅವರಿಗೆ ಸಿಗಬೇಕಾದರೆ ಅಲ್ಲಿ ನಿಜವಾದ ಅಕ್ಷರ ಇರಬೇಕು. ಸುತ್ತೋಲೆಯನ್ನು ಫೋಟೊ ಹೊಡೆದು ಹಾಕಿದರೆ ಮನುಷ್ಯರಿಗೆ ಕಾಣುತ್ತದೆ, ಹುಡುಕುವ ಯಂತ್ರಕ್ಕೆ ಓದಲು ಕಷ್ಟ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ್ದನ್ನು ಹಾಗೆಯೇ ಅಂಟಿಸಿದರೆ ಫೋನಿನಲ್ಲಿ ಅಕ್ಷರವೇ ಬರುವುದಿಲ್ಲ. ಅದೇ ತಂತ್ರಾಂಶಗಳಲ್ಲಿ ಯೂನಿಕೋಡ್ ಆರಿಸಿ ಟೈಪ್ ಮಾಡಿದರೆ ಎಲ್ಲ ಕಡೆ ಬರುತ್ತದೆ. ಸರ್ಚ್ ಕನ್ಸೋಲಿನಲ್ಲಿ ಕನ್ನಡದ ಒಂದು ಪದವೂ ಕಾಣದಿದ್ದರೆ 'ಕನ್ನಡದಲ್ಲಿ ಯಾರೂ ಹುಡುಕುವುದಿಲ್ಲ' ಎಂದು ತೀರ್ಮಾನಿಸುವ ಮೊದಲು, ನಾವು ಓದಲು ಆಗುವ ಕನ್ನಡ ಹಾಕಿದ್ದೇವೆಯೇ ಎಂದು ನೋಡಬೇಕು.

ಎರಡನೆಯ ಪ್ರಶ್ನೆ, ಬಂದವರ ಕೆಲಸ ಆಯಿತೇ? ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ನೋಡಿದರೆ, ಇಲ್ಲವೇ ಎರಡು ಪುಟ ನೋಡಿದರೆ, ಇಲ್ಲವೇ ನಾವು ಮುಖ್ಯ ಎಂದು ಗುರುತು ಮಾಡಿಟ್ಟ ಕೆಲಸ ಮಾಡಿದರೆ, ಗೂಗಲ್ ಅದನ್ನು ಆಸಕ್ತಿಯಿಂದ ನೋಡಿದ ಭೇಟಿ ಎಂದು ಎಣಿಸುತ್ತದೆ. ಯಾವ ಕಡತವನ್ನು ಇಳಿಸಿಕೊಂಡರು ಎಂಬುದೂ ಸಿಗುತ್ತದೆ. ಆದರೆ ಹೆಚ್ಚು ಹೊತ್ತು ಇದ್ದರೆ ಒಳ್ಳೆಯದು, ಬೇಗ ಹೋದರೆ ಕೆಟ್ಟದ್ದು ಎಂದು ಕಣ್ಣು ಮುಚ್ಚಿ ಹೇಳಬಾರದು. ಶಾಲೆಯ ಫೋನ್ ನಂಬರ್ ಹುಡುಕಿ ಬಂದವರು ಐದು ಸೆಕೆಂಡಿನಲ್ಲಿ ಹೋದರೆ ಅವರ ಕೆಲಸ ಆಯಿತು. ಅರ್ಜಿ ತುಂಬಲು ಬಂದವರು ಐದು ಸೆಕೆಂಡಿನಲ್ಲಿ ಹೋದರೆ ಏನೋ ತೊಂದರೆ ಇದೆ. ಆ ಪುಟ ಯಾಕೆ ಇದೆ ಎಂದು ಗೊತ್ತಿದ್ದವರಿಗೆ ಮಾತ್ರ ಸಂಖ್ಯೆಯ ಅರ್ಥ ಗೊತ್ತಾಗುತ್ತದೆ. ಹೊರಗಿನ ಕಂಪನಿಯವರಿಗೆ ವಹಿಸಿ ನಾವು ಕೈ ಕಟ್ಟಿ ಕೂರಬಾರದು ಎನ್ನುವುದು ಇದಕ್ಕೇ.

ಮೂರನೆಯ ಪ್ರಶ್ನೆ, ಯಾರು ಬರಲಿಲ್ಲ? ಇದು ವರದಿಯಲ್ಲಿ ನೇರವಾಗಿ ಇರುವುದಿಲ್ಲ. ನಾವು ಊಹಿಸಿ, ಹೋಗಿ ಕೇಳಬೇಕು. ಪ್ರವೇಶದ ತಿಂಗಳಿನಲ್ಲಿ ಪ್ರವೇಶದ ಪುಟವನ್ನು ಯಾರೂ ನೋಡಲಿಲ್ಲ ಎಂದಾದರೆ, ಸುತ್ತಲಿನ ಪ್ರಾಥಮಿಕ ಶಾಲೆಗಳ ಏಳನೇ ತರಗತಿ ಮಕ್ಕಳ ಮನೆಗೆ ಸುದ್ದಿ ತಲುಪಿಲ್ಲ ಎಂದೇ ಅರ್ಥ. ಆಗ ಜಾಲತಾಣ ಬಿಟ್ಟು ಕರಪತ್ರ ಹಿಡಿದು ಹೋಗಬೇಕು. ಸುದ್ದಿ ತಲುಪಿಸುವುದಕ್ಕೆ ಕಾಲು ಬೇಕು ಎಂದು ವರದಿಯೇ ಹೇಳಿದರೆ ಅದನ್ನೂ ಕೇಳಬೇಕು.

ಇದೆಲ್ಲ ಕೇಳಿ 'ನಮಗೆ ಒಂದು ನಿಜವಾದ ವರದಿ ನೋಡಬೇಕಲ್ಲ' ಎಂದು ನಿಮಗೆ ಅನ್ನಿಸಬಹುದು. ಖಾತೆ, ಪಾಸ್‌ವರ್ಡ್ ಏನೂ ಇಲ್ಲದೆ ಇವತ್ತು ರಾತ್ರಿಯೇ ನೋಡಬಹುದು. ಕನ್ನಡ ವಿಕಿಪೀಡಿಯ 2003ರಲ್ಲಿ ಶುರುವಾಯಿತು. ಅದರ ಪ್ರತಿಯೊಂದು ಲೇಖನವನ್ನೂ ದಿನಕ್ಕೆ ಎಷ್ಟು ಸಲ ನೋಡಿದ್ದಾರೆ ಎಂಬ ಲೆಕ್ಕ ಎಲ್ಲರಿಗೂ ತೆರೆದಿದೆ. ಲೇಖನದ 'ಪುಟದ ಮಾಹಿತಿ'ಗೆ ಹೋದರೆ ಹಿಂದಿನ ಮೂವತ್ತು ದಿನದ ವೀಕ್ಷಣೆ ಕಾಣುತ್ತದೆ. 'ಪೇಜ್‌ವ್ಯೂಸ್' ಎಂಬ ಉಪಕರಣದಲ್ಲಿ 2015ರ ಜುಲೈನಿಂದ ಇಂದಿನ ತನಕದ ಲೆಕ್ಕವನ್ನು ಗೆರೆಯ ನಕ್ಷೆಯಲ್ಲಿ ನೋಡಬಹುದು. ಯಂತ್ರಗಳ ಓದನ್ನೂ ಮನುಷ್ಯರ ಓದನ್ನೂ ಬೇರೆ ಬೇರೆ ಮಾಡಿ ತೋರಿಸುತ್ತದೆ. ಮುಳಬಾಗಿಲು, ಕೋಲಾರ, ನಮ್ಮ ತಾಲ್ಲೂಕಿನಲ್ಲೇ ಹುಟ್ಟಿದ ಡಿ.ವಿ. ಗುಂಡಪ್ಪನವರು, ಈ ಮೂರು ಲೇಖನಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಗೆರೆ ಯಾವ ದಿನ ಏಕಾಏಕಿ ಮೇಲೆ ಹೋಯಿತು, ಆ ದಿನ ಏನು ನಡೆದಿತ್ತು ಎಂದು ಮಕ್ಕಳು ಹುಡುಕಲಿ. ಗಣಿತದ ಮೇಷ್ಟ್ರು ಅಂಕಿಅಂಶದ ಪಾಠಕ್ಕೆ ಇದನ್ನೇ ಬಳಸಬಹುದು. ಇಷ್ಟೆಲ್ಲ ಲೆಕ್ಕ ತೋರಿಸಿದರೂ ಓದಿದವರು ಯಾರು ಎಂಬುದನ್ನು ಅದು ಹೇಳುವುದಿಲ್ಲ. ನಮಗೂ ಅಷ್ಟೇ ಬೇಕು.

ಇದು ನನ್ನನ್ನು ಮುಖ್ಯವಾದ ಒಂದು ಎಚ್ಚರಿಕೆಗೆ ತರುತ್ತದೆ. ನಮ್ಮದು ಮಕ್ಕಳ ಶಾಲೆ. 2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟು ತುಂಬದವರನ್ನು ಮಕ್ಕಳೆಂದು ಕರೆಯುತ್ತದೆ. ಅವರ ಹಿಂದೆ ಬಿದ್ದು ನಡವಳಿಕೆಯನ್ನು ಗಮನಿಸುವುದು, ಅವರನ್ನು ಗುರಿಮಾಡಿ ಜಾಹೀರಾತು ತೋರಿಸುವುದು ಸಾಮಾನ್ಯವಾಗಿ ಕೂಡದು ಎನ್ನುತ್ತದೆ. ಕಾಯಿದೆ ಇರಲಿ ಬಿಡಲಿ, ಹಾಜರಿ ಪುಸ್ತಕವನ್ನು ಮೇಷ್ಟ್ರು ಬೀದಿಯ ಅಂಗಡಿಯವನಿಗೆ ಕೊಡುವುದಿಲ್ಲವಲ್ಲ. ಗೂಗಲ್ ಅನಾಲಿಟಿಕ್ಸ್ ಬಳಸಿದರೆ ಜಾಹೀರಾತಿಗೆ ಸಂಬಂಧಿಸಿದ ಸೆಟ್ಟಿಂಗುಗಳನ್ನೆಲ್ಲ ಆರಿಸಿಡಬೇಕು. ಇದಕ್ಕಿಂತ ನನಗೆ ಹೆಚ್ಚು ಹಿಡಿಸುವ ದಾರಿ 'ಮಾಟೊಮೊ'. ಇದು 2007ರಲ್ಲಿ ಪಿವಿಕ್ ಎಂಬ ಹೆಸರಿನಲ್ಲಿ ಶುರುವಾಗಿ 2018ರಲ್ಲಿ ಹೆಸರು ಬದಲಿಸಿಕೊಂಡಿತು. ಇದಕ್ಕೂ ವರ್ಡ್‌ಪ್ರೆಸ್ ಪ್ಲಗಿನ್ ಇದೆ. ಲೆಕ್ಕವೆಲ್ಲ ನಮ್ಮ ಜಾಲತಾಣ ಇರುವ ಜಾಗದಲ್ಲೇ ಉಳಿಯುತ್ತದೆ, ಬೇರೆ ಕಂಪನಿಗೆ ಹೋಗುವುದಿಲ್ಲ. ಫೋನಿನ ಗುರುತಿನ ಸಂಖ್ಯೆಯ ಒಂದು ಭಾಗವನ್ನು ಅಳಿಸಿ ಇಟ್ಟುಕೊಳ್ಳುವ ಹಾಗೆ, ಫೋನಿನಲ್ಲಿ ಗುರುತು ಉಳಿಸದ ಹಾಗೆ ಮಾಡಬಹುದು. ಶಾಲೆಗೆ ಇಷ್ಟು ಸಾಕು. ಯಾವುದನ್ನು ಬಳಸಿದರೂ, ನಾವು ಏನು ಎಣಿಸುತ್ತೇವೆ, ಏನು ಎಣಿಸುವುದಿಲ್ಲ ಎಂದು ಜಾಲತಾಣದಲ್ಲಿ ನಾಲ್ಕು ಸಾಲು ಕನ್ನಡದಲ್ಲಿ ಬರೆದು ಹಾಕೋಣ.

ಕೊನೆಯದಾಗಿ ಒಂದು ಮಾತು. ಆ ವಿದ್ಯಾರ್ಥಿವೇತನದ ವರದಿಯನ್ನು ಇವತ್ತು ನಿಮಗೆ ತೋರಿಸಬೇಕು ಎಂದು ನನಗೆ ಬಹಳ ಆಸೆ ಇತ್ತು. ಆಗಲಿಲ್ಲ. ಗೂಗಲ್ ತನ್ನ ಹಳೆಯ ಅನಾಲಿಟಿಕ್ಸ್ ಅನ್ನು 2023ರ ಜುಲೈ 1ರಿಂದ ನಿಲ್ಲಿಸಿತು. ಇನ್ನೊಂದು ವರ್ಷ ಬಿಟ್ಟು, 2024ರ ಜುಲೈಯಲ್ಲಿ, ಹಳೆಯ ಲೆಕ್ಕಗಳನ್ನು ನೋಡಲೂ ಆಗದಂತೆ ಮುಚ್ಚಿತು. ಮೊದಲೇ ಸೂಚನೆ ಕೊಟ್ಟಿದ್ದರು, ಇಳಿಸಿ ಇಟ್ಟುಕೊಳ್ಳಿ ಎಂದಿದ್ದರು. ನಾನು ನಾಳೆ ಮಾಡೋಣ ಎಂದುಕೊಂಡೆ. ಹೊಸ ಅನಾಲಿಟಿಕ್ಸಿನಲ್ಲೂ ಬಿಡಿ ಬಿಡಿ ವಿವರಗಳು ನಾವು ಬದಲಾಯಿಸದಿದ್ದರೆ ಎರಡು ತಿಂಗಳು ಮಾತ್ರ ಉಳಿಯುತ್ತವೆ, ಬದಲಾಯಿಸಿದರೆ ಹದಿನಾಲ್ಕು ತಿಂಗಳು. ಸರ್ಚ್ ಕನ್ಸೋಲಿನಲ್ಲಿ ಹದಿನಾರು ತಿಂಗಳು. ಈ ಶಾಲೆಯ ಮೊದಲ ವರ್ಷದ ದಾಖಲಾತಿ ಪುಸ್ತಕ ಐವತ್ತು ವರ್ಷ ಆದರೂ ಓದಲು ಬರುತ್ತದೆ. ನನ್ನ ಕೆಲವೇ ವರ್ಷಗಳ ಹಿಂದಿನ ವರದಿ ಎಲ್ಲೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಜಾಲತಾಣ ಶುರುವಾಗುವ ದಿನ ಒಂದು ದಪ್ಪ ಅಟ್ಟೆಯ ಪುಸ್ತಕವನ್ನೂ ಶುರು ಮಾಡೋಣ. ಆ ಪುಸ್ತಕವನ್ನು ನಾನು ಕೊಡಿಸುತ್ತೇನೆ. ಪ್ರತಿ ತಿಂಗಳ ಮೊದಲ ಶನಿವಾರ, ಒಬ್ಬರು ಶಿಕ್ಷಕರು ಮತ್ತು ಒಂಬತ್ತನೇ ತರಗತಿಯ ಇಬ್ಬರು ಮಕ್ಕಳು ಕೂತು ವರದಿ ತೆರೆಯಲಿ. ಒಂದು ಪುಟವನ್ನು ಮುದ್ರಿಸಿ ಪುಸ್ತಕದಲ್ಲಿ ಅಂಟಿಸಲಿ. ಅದರ ಕೆಳಗೆ ಮಕ್ಕಳ ಕೈಬರಹದಲ್ಲಿ ಮೂರು ಸಾಲು ಇರಲಿ: ಜನ ಏನು ಹುಡುಕಿಕೊಂಡು ಬಂದರು, ಅವರ ಕೆಲಸ ಆಯಿತೇ, ಈ ತಿಂಗಳು ನಾವು ಏನು ಸರಿ ಮಾಡಿದೆವು. ಮೂರನೆಯ ಸಾಲು ಖಾಲಿ ಬಿಟ್ಟರೆ ಮುಂದಿನ ತಿಂಗಳು ಹೆಡ್‌ಮಾಸ್ಟರು ಕೇಳಲಿ.

ಮುಖಪುಟದಲ್ಲಿ ಎಣಿಕೆಯ ಪಟ್ಟಿ ಮಾತ್ರ ಬೇಡ. ಆ ಜಾಗದಲ್ಲಿ ಶಾಲೆಯ ಫೋನ್ ನಂಬರನ್ನು ದೊಡ್ಡದಾಗಿ ಹಾಕೋಣ. ಯಾವುದಾದರೂ ಪುಟ ತೆರೆಯದಿದ್ದರೆ, ಯಾವ ತಾಯಿಯಾದರೂ ಕೊನೆಯ ದಿನಾಂಕಕ್ಕೆ ಮೊದಲೇ ಫೋನ್ ಮಾಡಿ ಹೇಳಲಿ.